ಓದುವ ಮಗಳು ರಾತ್ರಿ ಏಳುವುದೇಕೆ?

ಮನೆಯಲ್ಲಿ ಡಾಕ್ಟರಿಕೆ ಓದುವ ಮಕ್ಕಳಿದ್ದರೆ ಈ ಮಾತು ನಿಮಗೂ ಬೇಕಾದೀತು. ನನ್ನ ದೊಡ್ಡ ಮಗಳು ಎಂ.ಬಿ.ಬಿ.ಎಸ್. ಮೂರನೆಯ ವರ್ಷದಲ್ಲಿದ್ದಾಳೆ. ಪರೀಕ್ಷೆಗೆ ಓದಿಕೊಳ್ಳಲು ಹಾಸ್ಟೆಲಿನಿಂದ ಮನೆಗೆ ಬಂದಿದ್ದಳು. ರಾತ್ರಿ ಹಿತ್ತಿಲ ಬಾಗಿಲಿನ ಚಿಲಕ ಸದ್ದಾದಾಗಲೆಲ್ಲ ನನಗೆ ಎಚ್ಚರ. ಒಂದು ಸಲ, ಎರಡು ಸಲ, ಮೂರು ಸಲ! ಬೆಳಿಗ್ಗೆ ಕೇಳಿದರೆ "ಏನಿಲ್ಲಮ್ಮ, ಒಂದಕ್ಕೆ ಎದ್ದಿದ್ದೆ" ಅಂತ ಹಾರಿಸಿಬಿಟ್ಟಳು. ಹಗಲೆಲ್ಲ ಪುಸ್ತಕದ ಮುಂದೆ ತೂಕಡಿಕೆ.

ನಮ್ಮತ್ತೆಯವರಿಗೆ ಸಕ್ಕರೆ ಕಾಯಿಲೆಯಿತ್ತು; ಅವರೂ ಹೀಗೇ ಏಳುತ್ತಿದ್ದರು. ನನ್ನ ಎದೆ ಧಸಕ್ಕೆಂದಿತು. ಯಾರಿಗೂ ಹೇಳದೆ ಅವಳನ್ನು ನಮ್ಮೂರ ಲೇಡಿ ಡಾಕ್ಟರ ಹತ್ತಿರ ಕರೆದೊಯ್ದೆ. ಇಂಥ ವಿಷಯಕ್ಕೆ ಗುಟ್ಟೇಕೆ ಅಂತ ಈಗ ನನಗೇ ನಗು ಬರುತ್ತದೆ. ರಕ್ತ, ಮೂತ್ರ ಎರಡರಲ್ಲೂ ದೋಷವಿರಲಿಲ್ಲ. ಡಾಕ್ಟರಮ್ಮ ಮೂರು ದಿನ ಲೆಕ್ಕ ಬರೆದಿಡಲು ಹೇಳಿದರು: ಏನನ್ನು ಎಷ್ಟು ಹೊತ್ತಿಗೆ ಕುಡಿದೆ, ರಾತ್ರಿ ಯಾವಾಗ ಎದ್ದೆ, ಅಳತೆಯ ಲೋಟದಲ್ಲಿ ಹಿಡಿದರೆ ಎಷ್ಟು ಹೋಯಿತು, ಎಲ್ಲ.

ಗುಟ್ಟು ಹೊರಬಿದ್ದದ್ದು ಆ ಲೆಕ್ಕದಿಂದ. ಹಗಲು ಹುಡುಗಿ ನೀರೇ ಮುಟ್ಟುತ್ತಿರಲಿಲ್ಲ. "ವಾರ್ಡಿನಲ್ಲಿ ನಮಗೆ ಚೊಕ್ಕಟವಾದ ಟಾಯ್ಲೆಟ್ ಸಿಗೋಲ್ಲಮ್ಮ, ಅದಕ್ಕೇ ಕುಡಿಯೋದು ಬಿಟ್ಟೆ" ಅಂದಳು. ಅದೇ ಅಭ್ಯಾಸ ಮನೆಯಲ್ಲೂ. ಕತ್ತಲಾದ ಮೇಲೆ ಬಾಯಾರಿಕೆ ತಾಳದೆ ಚೊಂಬುಗಟ್ಟಲೆ ನೀರು. ಒಂಬತ್ತಕ್ಕೊಂದು, ಹನ್ನೊಂದಕ್ಕೊಂದು ಕಾಫಿ ಬೇರೆ. ಆ ಫ್ಲಾಸ್ಕು ತುಂಬಿಡುತ್ತಿದ್ದವಳು ಯಾರು? ನಾನೇ!

ಕಾಫಿಯ ಕೆಫೀನು ಕುಡಿದ ಸುಮಾರು 5 ಗಂಟೆಯ ಮೇಲೂ ಅರ್ಧದಷ್ಟು ಮೈಯಲ್ಲೇ ಉಳಿದಿರುತ್ತದಂತೆ. ಅದರಿಂದ ನಿದ್ದೆ ತೆಳುವಾಗುತ್ತದೆ, ಮೂತ್ರಕೋಶವೂ ಕೆರಳುತ್ತದೆ. ದೊಡ್ಡವರ ಮೂತ್ರಕೋಶ 300ರಿಂದ 500 ಮಿಲಿಲೀಟರ್ ಹಿಡಿಯಬಲ್ಲದು. ಇವಳ ಲೆಕ್ಕದಲ್ಲಿ ಒಂದೊಂದು ಸಲ 100 ಕೂಡ ಇರಲಿಲ್ಲ. ಅಂದರೆ ಮೂತ್ರ ಬಂದು ಎಚ್ಚರವಾದದ್ದಲ್ಲ. ಪರೀಕ್ಷೆಯ ಚಿಂತೆಗೆ, ಕಾಫಿಗೆ ಎಚ್ಚರವಾಗಿ, ಎದ್ದವಳು ಹೇಗೂ ಹೋಗಿಬರುತ್ತಿದ್ದಳು! ಗಾಢ ನಿದ್ದೆ ಹೆಚ್ಚಾಗಿ ಬರುವುದು ಮಲಗಿದ ಮೊದಲ ಮೂರು ನಾಲ್ಕು ಗಂಟೆಯಲ್ಲಿ. ಆಗಲೇ ಎದ್ದರೆ ಓದಿದ್ದು ತಲೆಯಲ್ಲಿ ನಿಲ್ಲುವುದು ಹೇಗೆ?

ಹಾಗಂತ ನೀರು ನಿಲ್ಲಿಸಬೇಡಿ. ಮೂತ್ರ ಕಟ್ಟಿಕೊಂಡು, ನೀರು ಕಡಿಮೆ ಮಾಡಿದರೆ ಹೆಣ್ಣುಮಕ್ಕಳಿಗೆ ಉರಿಮೂತ್ರದ ಕಾಟ. ನಾವು ಮಾಡಿದ್ದಿಷ್ಟೆ: ನೀರು, ಮಜ್ಜಿಗೆ ಎಲ್ಲ ಹಗಲಿಗೆ ಬಂತು. ಮಧ್ಯಾಹ್ನ ಮೂರರ ಮೇಲೆ ಕಾಫಿ ಇಲ್ಲ. ಊಟ ಎಂಟರೊಳಗೆ, ಆಮೇಲೆ ಬಾಯಿ ಒಣಗಿದರೆ ಎರಡು ಗುಟುಕು. ಮಲಗುವ ಮುಂಚೆ ಒಮ್ಮೆ ಹೋಗಿಬರುವುದು. ಮೊದಲ ನಾಲ್ಕು ದಿನ ತಲೆನೋವು ಅಂತ ನನ್ನ ಮೇಲೆ ರೇಗಿದಳು, ನಾನು ಜಗ್ಗಲಿಲ್ಲ. ನಿಮ್ಮ ಮಕ್ಕಳಿಗೆ ಉರಿ, ಜ್ವರ, ಮೂತ್ರದಲ್ಲಿ ರಕ್ತ, ವಿಪರೀತ ಬಾಯಾರಿಕೆ, ತೂಕ ಇಳಿಯುವುದು ಇದ್ದರೆ ಮಾತ್ರ ಈ ಮನೆಮದ್ದು ಸಾಲದು; ತಡಮಾಡದೆ ಡಾಕ್ಟರಿಗೆ ತೋರಿಸಿ.

ಹೋದ ವಾರ ಹಾಸ್ಟೆಲಿನಿಂದ ಫೋನು ಮಾಡಿದ್ದಳು. ಈಗ ರಾತ್ರಿ ಒಂದೇ ಸಲವಂತೆ, ಕೆಲವು ದಿನ ಅದೂ ಇಲ್ಲ. ವಾರ್ಡಿನ ಕಥೆ ಏನಾಯಿತೇ ಎಂದೆ. ಗೆಳತಿಯರೆಲ್ಲ ಸೇರಿ ಹೆಡ್ ಸಿಸ್ಟರನ್ನು ಕೇಳಿ, ನರ್ಸುಗಳ ಟಾಯ್ಲೆಟ್ಟಿನ ಬೀಗದ ಕೈ ಇಸಿದುಕೊಂಡಿದ್ದಾರಂತೆ.