ಮಳಖೇಡ: ರಾಷ್ಟ್ರಕೂಟರ ವೈಭವ ಕಂಡ ಊರು, ಪತನ ಕಂಡ ಊರು

ಕಲಬುರಗಿಯಿಂದ ಸೇಡಂ ರಸ್ತೆ ಹಿಡಿದು ಸುಮಾರು 40 ಕಿ.ಮೀ. ಸಾಗಿದರೆ ಮಳಖೇಡ. ದಾರಿಯುದ್ದಕ್ಕೂ ತೊಗರಿ ಹೊಲಗಳು, ಹಾಸುಗಲ್ಲಿನ ಗಣಿಗಳು, ಸಿಮೆಂಟ್ ಲಾರಿಗಳು. ಊರ ಪಕ್ಕದಲ್ಲಿ ಕಾಗಿಣಾ ನದಿ, ಅದರ ದಂಡೆಯ ಮೇಲೆ ಕೋಟೆ. ಇದೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕನ್ನಡದ ಮೊದಲ ಉಪಲಬ್ಧ ಗ್ರಂಥ ‘ಕವಿರಾಜಮಾರ್ಗ’ ರಚನೆಯಾದದ್ದು ಇಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ.

ದೇವೇಂದ್ರನ ನಗರಿಯನ್ನೇ ನಾಚಿಸುವಂಥ ಊರನ್ನು ಅಮೋಘವರ್ಷ ಕಟ್ಟಿಸಿದನೆಂದು ಆ ವಂಶದ ತಾಮ್ರಶಾಸನಗಳು ಕೊಂಡಾಡುತ್ತವೆ. 9ನೇ ಶತಮಾನದ ಅರಬ್ ವರ್ತಕ ಸುಲೈಮಾನನ ವೃತ್ತಾಂತ ಇಲ್ಲಿನ ದೊರೆಯನ್ನು ಜಗತ್ತಿನ ನಾಲ್ವರು ಮಹಾನ್ ಅರಸರ ಸಾಲಿಗೆ ಸೇರಿಸಿತು. ಎಲ್ಲೋರದ ಕೈಲಾಸ ದೇಗುಲವನ್ನು ಬಂಡೆಯಿಂದ ಕಡೆಸಿದ್ದು ಇದೇ ಮನೆತನ.

ಇಂಥ ಸಾಮ್ರಾಜ್ಯ ಕುಸಿದದ್ದು ಹೇಗೆ?

ಪ್ರಬಲ ದೊರೆ ಮೂರನೇ ಕೃಷ್ಣನ ಗೆಲುವುಗಳಲ್ಲೇ ಅದರ ಸುಳಿವಿದೆ. 949ರಲ್ಲಿ ತಕ್ಕೋಲದ ಕಾಳಗದಲ್ಲಿ ಚೋಳ ಯುವರಾಜ ರಾಜಾದಿತ್ಯ ಹತನಾದ. ಅವನನ್ನು ಕೊಂದವನು ಕೃಷ್ಣನ ಭಾವ, ಗಂಗ ದೊರೆ ಬೂತುಗ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿದ್ದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿರುವ ಕಲ್ಲಿನ ಮೇಲೆ ಬೂತುಗ ಪಡೆದ ಉಡುಗೊರೆಗಳ ಪಟ್ಟಿಯಿದೆ (ಹೆಸರಿನ ಜೊತೆಗಿನ ಸಂಖ್ಯೆ ಆ ನಾಡಿನ ಹಳ್ಳಿಗಳ ಲೆಕ್ಕ ಎನ್ನಲಾಗುತ್ತದೆ): ಬನವಾಸಿ 12,000, ಬೆಳ್ವೊಲ 300, ಪುಲಿಗೆರೆ 300, ಕಿಸುಕಾಡು 70, ಬಾಗೆನಾಡು 70. ಒಂದು ಗೆಲುವಿಗೆ ಇಷ್ಟೊಂದು ನಾಡು! ಇಂದಿನ ಉತ್ತರ ಕನ್ನಡ, ಧಾರವಾಡ, ಗದಗ ಸೀಮೆಯ ಫಲವತ್ತಾದ ನೆಲವೇ ಕೈದಾಟಿತು. ವಿಜಯಪುರ ಭಾಗದ ತರ್ದವಾಡಿ 1,000ವೂ ಕೃಷ್ಣನ ಆಳ್ವಿಕೆಯಲ್ಲೇ ಚಾಲುಕ್ಯ ವಂಶದ ಸಾಮಂತ ತೈಲಪನ ವಶವಾಯಿತು.

ಸಾಮಂತರ ನಿಷ್ಠೆ ನಿಂತಿದ್ದದ್ದು ದೊರೆಯ ತೋಳ್ಬಲದ ಮೇಲೆ. 967ರಲ್ಲಿ ಕೃಷ್ಣ ತೀರಿಕೊಂಡ, ಪಟ್ಟ ತಮ್ಮ ಖೊಟ್ಟಿಗನಿಗೆ ಬಂತು. ಅತ್ತ ಮಾಳವದ ಪರಮಾರ ಸೀಯಕ ಹೊಂಚು ಹಾಕಿದ್ದ. ನರ್ಮದೆಯ ದಡದಲ್ಲಿ ರಾಷ್ಟ್ರಕೂಟ ಸೇನೆಯನ್ನು ಸೋಲಿಸಿ, 972ರಲ್ಲಿ ಮಾನ್ಯಖೇಟಕ್ಕೇ ನುಗ್ಗಿ ಸೂರೆ ಮಾಡಿದ. ಈ ವರ್ಷ ಗೊತ್ತಾದ ಬಗೆ ವಿಶೇಷವಾದದ್ದು. ಧಾರಾ ನಗರದ ಕವಿ ಧನಪಾಲ ತನ್ನ ತಂಗಿ ಸುಂದರಿಗಾಗಿ ‘ಪಾಇಅಲಚ್ಛೀ’ ಎಂಬ ಪ್ರಾಕೃತ ನಿಘಂಟು ಬರೆದ. ಅದು ಮುಗಿದ ಕಾಲವನ್ನು ಹೇಳುವಾಗ, ಮಾನ್ಯಖೇಟ ಲೂಟಿಯಾದ ವರ್ಷ, ವಿಕ್ರಮ ಸಂವತ್ 1029 ಎಂದು ದಾಖಲಿಸಿದ. ಸೂರೆಯಾದ ಊರಿನೊಳಗಿದ್ದ ಅಪಭ್ರಂಶ ಕವಿ ಪುಷ್ಪದಂತ ನೆಲೆ ತಪ್ಪಿದ ಸಂಕಟವನ್ನು ತೋಡಿಕೊಂಡಿದ್ದಾನೆ.

ಖೊಟ್ಟಿಗನ ನಂತರ ಬಂದ ಇಮ್ಮಡಿ ಕರ್ಕ ವರ್ಷ ಕಳೆಯುವುದರೊಳಗೆ ಗದ್ದುಗೆ ಕಳೆದುಕೊಂಡ. 973ರಲ್ಲಿ ಅವನನ್ನು ಕೆಳಗಿಳಿಸಿದವನು ಹೊರಗಿನ ಶತ್ರುವಲ್ಲ, ತರ್ದವಾಡಿಯ ಅದೇ ತೈಲಪ. ಹೊರಗಿನ ದಾಳಿ ಗೋಡೆ ಒಡೆಯಿತು, ಆದರೆ ಮನೆ ಕೈತಪ್ಪಿದ್ದು ಒಳಗಿನವರಿಂದ. ಕೃಷ್ಣ ದೂರದ ರಾಜ್ಯಗಳನ್ನು ಗೆಲ್ಲುತ್ತಾ ಹತ್ತಿರದ ನಾಡುಗಳನ್ನು ಹಂಚುತ್ತಾ ಹೋದ. ಉತ್ತರಾಧಿಕಾರಿಗಳಿಗೆ ಉಳಿದದ್ದು ಬಿರುದುಗಳೇ ಹೆಚ್ಚು.

ಕೊನೆಯ ಆಸೆಯೊಂದಿತ್ತು. ಗಂಗ ದೊರೆ ಮಾರಸಿಂಹ ತನ್ನ ಸೋದರಳಿಯ, ಕೃಷ್ಣನ ಮೊಮ್ಮಗ ನಾಲ್ಕನೇ ಇಂದ್ರನಿಗೆ ಪಟ್ಟ ಕಟ್ಟಿದ. ಪ್ರಯತ್ನ ಫಲಿಸಲಿಲ್ಲ. ಮಾರಸಿಂಹ ಬಂಕಾಪುರದಲ್ಲಿ ಸಲ್ಲೇಖನ ಕೈಗೊಂಡ. ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ವ್ರತದಿಂದ ದೇಹ ಬಿಟ್ಟ. ಚಂದ್ರಗಿರಿಯ ಮೇಲಿನ ಅವನ ಸ್ಮಾರಕ ಶಾಸನ ಕುದುರೆಯೇರಿ ಚೆಂಡಾಡುವುದರಲ್ಲಿ ಅವನಿಗಿದ್ದ ಚಾತುರ್ಯವನ್ನು ಬಣ್ಣಿಸುತ್ತದೆ. ಸಾಮ್ರಾಜ್ಯ ಕೈತಪ್ಪಿದವನ ಬಗ್ಗೆ ಹೇಳಲು ಅಷ್ಟಾದರೂ ಉಳಿದಿತ್ತು ಎನ್ನುವಾಗ ಮನಸ್ಸು ಭಾರವಾಗುತ್ತದೆ.

ಮಾನ್ಯಖೇಟ ಮಾತ್ರ ಒಮ್ಮೆಗೇ ಹಾಳಾಗಲಿಲ್ಲ. ತೈಲಪನ ವಂಶದವರೂ ಕೆಲಕಾಲ ಇಲ್ಲಿಂದಲೇ ಆಳಿದರು. 11ನೇ ಶತಮಾನದಲ್ಲಿ ಒಂದನೇ ಸೋಮೇಶ್ವರ ಕಲ್ಯಾಣವನ್ನು ರಾಜಧಾನಿಯಾಗಿ ಬೆಳೆಸಿದ ಮೇಲೆ ಊರಿನ ರಾಜಕಳೆ ಇಳಿಯಿತು. ಕೋಟೆಯೂ ನಂತರದ ಅರಸರ ಕಾಲದಲ್ಲಿ ತಿದ್ದುಪಡಿ ಕಂಡಿದೆ.

ಈಗ ಇಲ್ಲಿ ನೋಡಬೇಕಾದದ್ದು ನೇಮಿನಾಥ ಬಸದಿ. ಅಲ್ಲಿನ ಪಂಚಲೋಹದ ಪುಟ್ಟ ಮಂಟಪದಲ್ಲಿ ತೀರ್ಥಂಕರರ ಕಿರುಮೂರ್ತಿಗಳು ಸಾಲುಗಟ್ಟಿವೆ. ಮಾಧ್ವ ಯತಿ ಟೀಕಾಚಾರ್ಯ ಜಯತೀರ್ಥರನ್ನು ಸ್ಮರಿಸಿ ಉತ್ತರಾದಿ ಮಠಕ್ಕೆ ಬರುವ ಭಕ್ತರೂ ಬಹಳ. ಮಠಕ್ಕೆ ಬಂದವರು ಕೋಟೆಯನ್ನೂ, ಕೋಟೆಗೆ ಬಂದವರು ಬಸದಿಯನ್ನೂ ನೋಡಿಕೊಂಡೇ ಹೋಗಬೇಕು. ಹಂಪಿ, ಬಾದಾಮಿಗೆ ಮಕ್ಕಳನ್ನು ಕರೆದೊಯ್ಯುವ ಶಾಲೆಗಳು ಮಳಖೇಡಕ್ಕೂ ಒಂದು ದಿನ ಮೀಸಲಿಡಲಿ. ವಾಡಿ–ಸಿಕಂದರಾಬಾದ್ ಮಾರ್ಗದಲ್ಲಿ ಮಳಖೇಡ ರೋಡ್ ಎಂಬ ರೈಲು ನಿಲ್ದಾಣವಿದೆ. ಕಲಬುರಗಿ, ಸೇಡಂ ಎರಡೂ ಕಡೆಯಿಂದ ರಸ್ತೆಯ ದಾರಿಯೂ ಇದೆ.