ಸೇರುವ ಮೊದಲು ಒಂದು ಗಂಟೆ ಕೂತು ನೋಡಿ

ಮಂಡಿ ನೋವಿಗೆ ವ್ಯಾಯಾಮ ಹೇಳಿಸಿಕೊಳ್ಳಲು ಬಂದವರು ಹೊರಡುವ ಹೊತ್ತಿಗೆ ಬಾಗಿಲ ಬಳಿ ನಿಂತು ಇನ್ನೊಂದು ಪ್ರಶ್ನೆ ಕೇಳುವುದುಂಟು. “ಮೇಡಂ, ಮಗನ್ನ ಕರಾಟೆ ಕ್ಲಾಸಿಗೆ ಬಿಟ್ಟು ಹೊರಗೆ ಮೊಬೈಲ್ ನೋಡ್ಕೊಂಡು ಕೂತಿರ್ತೀನಿ. ನಾನೂ ಸೇರ್ಕೊಂಡ್ರೆ ಹೇಗೆ? ನಲವತ್ತೆರಡು ಆಯ್ತು ನಂಗೆ.”

ಸೇರಿಕೊಳ್ಳಿ ಎಂದೇ ಹೇಳುತ್ತೇನೆ. ನಾನು ಮೈಸೂರಿನಲ್ಲಿ ಫಿಸಿಯೊಥೆರಪಿಸ್ಟ್. ನಲವತ್ತು ದಾಟಿದ ಮೇಲೆ ಜೂಡೊ ಕಲಿಯಲು ಹೋದವಳು. ಹೀಗಾಗಿ ಬೀಳುವುದೂ ಗೊತ್ತು, ಬಿದ್ದು ಬಂದವರ ಭುಜ ಸರಿಮಾಡುವುದೂ ಗೊತ್ತು. ಹೀಗೆ ಕೇಳುವವರ ಮುಂದಿನ ಪ್ರಶ್ನೆ ಯಾವಾಗಲೂ ಒಂದೇ: ಕರಾಟೆಯಾ, ಕಳರಿಯಾ, ಬಾಕ್ಸಿಂಗಾ, ಯಾವುದು ಒಳ್ಳೆಯದು? ಆ ಪ್ರಶ್ನೆಯನ್ನು ಸ್ವಲ್ಪ ಬದಿಗಿಡಿ, ಮೊದಲು ಯಾರು ಕಲಿಸುತ್ತಾರೆ ಎಂದು ನೋಡಿ ಎನ್ನುತ್ತೇನೆ. ಇದು ಗುರುಭಕ್ತಿಯ ಮಾತಲ್ಲ. ಇದಕ್ಕೆ ಲೆಕ್ಕ ಇದೆ, ಅದೂ ಜೂಡೊ ಹುಟ್ಟಿದ ಜಪಾನಿನದೇ ಲೆಕ್ಕ.

1983ರಿಂದ ಸುಮಾರು ಮೂರು ದಶಕಗಳಲ್ಲಿ ಜಪಾನಿನ ಶಾಲೆಗಳ ಜೂಡೊ ತರಗತಿ ಮತ್ತು ಕ್ಲಬ್ಬುಗಳಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಸತ್ತರು. ಉಚಿದಾ ರ‍್ಯೊ ಎಂಬ ಸಂಶೋಧಕ ಶಾಲಾ ಅಪಘಾತಗಳ ದಾಖಲೆಗಳನ್ನು ಜಾಲಾಡಿ ಇದನ್ನು ಹೊರಗೆ ತಂದರು. ಸತ್ತವರಲ್ಲಿ ಬಹಳಷ್ಟು ಮಂದಿ ಆಗಷ್ಟೇ ಸೇರಿದ ಮೊದಲ ವರ್ಷದವರು, ಮುಖ್ಯ ಕಾರಣ ತಲೆಯ ಪೆಟ್ಟು. ಒಸೊಟೊ ಗಾರಿ ಎಂಬ ಪಟ್ಟಿನಲ್ಲಿ ಎದುರಾಳಿಯ ಕಾಲನ್ನು ಹಿಂದಿನಿಂದ ಬಾಚಿ ಅಂಗಾತ ಕೆಡವುತ್ತಾರೆ. ಗದ್ದವನ್ನು ಎದೆಗೆ ಒತ್ತಿಕೊಂಡು ಬೀಳಲು ಬಾರದವರ ತಲೆಯ ಹಿಂಭಾಗ ನೆಲಕ್ಕೆ ಬಡಿಯುತ್ತದೆ, ಮಿದುಳಿನ ಮೇಲಿನ ರಕ್ತನಾಳ ಹರಿಯುತ್ತದೆ. ಮಕ್ಕಳನ್ನು ಕಳೆದುಕೊಂಡವರು 2010ರಲ್ಲಿ ಸಂಘ ಕಟ್ಟಿಕೊಂಡು ಫ್ರಾನ್ಸಿನ ಕಡೆ ಕೈ ತೋರಿಸಿದರು. ಅಲ್ಲಿನ ಜೂಡೊ ಫೆಡರೇಷನ್ನಿಗೆ ಐದು ಲಕ್ಷಕ್ಕೂ ಹೆಚ್ಚು ಸದಸ್ಯರು, ಅವರಲ್ಲಿ ಮಕ್ಕಳೇ ಬಹಳ. ಆದರೂ ಇಂಥ ಸಾವಿನ ಸಾಲು ಅಲ್ಲಿಲ್ಲ. ಫ್ರಾನ್ಸಿನಲ್ಲಿ ಜೂಡೊ ಕಲಿಸುವವರಿಗೆ ಸರ್ಕಾರದ ಡಿಪ್ಲೊಮಾ ಇರಬೇಕೆಂದು 1955ರಲ್ಲೇ ಕಾನೂನು ಬಂದಿದೆ. ಜಪಾನಿನಲ್ಲೂ ಶಿಕ್ಷಕರಿಗೆ ಸುರಕ್ಷತೆಯ ಪಾಠ ಬಿಗಿಯಾದ ಮೇಲೆ ಸಾವುಗಳು ಇಳಿದವು. ಪಟ್ಟು ಅದೇ, ಮೈ ಅದೇ. ಬೇರೆಯಾದದ್ದು ಹೇಳಿಕೊಡುವವರು.

ನಮ್ಮಲ್ಲಿ ಅಂಥ ಕಾನೂನಿಲ್ಲ. ಒಂದು ಶಟರ್ ಎತ್ತಿ, ಡ್ರ್ಯಾಗನ್ ಚಿತ್ರದ ಬೋರ್ಡ್ ಹಾಕಿದರೆ ಮಾಸ್ಟರ್ ಆಗಬಹುದು. ಗೋಡೆಯ ಮೇಲಿನ ‘ಇಂಟರ್‌ನ್ಯಾಷನಲ್’ ಸರ್ಟಿಫಿಕೇಟು ಕೊಟ್ಟಿದ್ದು ಆ ಮಾಸ್ಟರೇ ಕಟ್ಟಿಕೊಂಡ ಸಂಘ ಇರಬಹುದು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಕೋಚಿಂಗ್ ಡಿಪ್ಲೊಮಾ ಮಾಡಿದವರು ಜೂಡೊ, ಬಾಕ್ಸಿಂಗ್, ಕುಸ್ತಿಯಲ್ಲಿ ಸಿಗುತ್ತಾರೆ, ಅದೊಂದು ಭರವಸೆ. ಆದರೆ ಕಾಗದ ಇಲ್ಲದ ಒಳ್ಳೆಯ ಗುರುಗಳೂ ಇದ್ದಾರೆ. ಆದ್ದರಿಂದ ಸೇರುವ ಮೊದಲು ಒಂದು ಪೂರ್ತಿ ಕ್ಲಾಸು ಮೂಲೆಯಲ್ಲಿ ಕೂತು ನೋಡಿ. ನೋಡಲು ಬಿಡದಿದ್ದರೆ ಅಲ್ಲಿಂದಲೇ ಚಪ್ಪಲಿ ಹಾಕಿಕೊಂಡು ಬನ್ನಿ.

ನೋಡುವಾಗ ಮಾಸ್ಟರ್ ಎಷ್ಟು ಎತ್ತರಕ್ಕೆ ಕಾಲೆತ್ತುತ್ತಾರೆ ಎಂಬುದನ್ನು ಬಿಟ್ಟುಬಿಡಿ. ಆ ಕ್ಲಾಸಿನಲ್ಲಿ ತೀರ ಹೊಸಬರು ಯಾರು ಎಂದು ಹುಡುಕಿ, ಅವರ ಮೇಲೇ ಕಣ್ಣಿಡಿ. ಅವರನ್ನು ಯಾರ ಜೊತೆ ಜೋಡಿ ಮಾಡಿದರು? ಒಳ್ಳೆಯ ಕಡೆ ಹೊಸಬರಿಗೆ ಸಿಗುವುದು ನಿಧಾನಸ್ಥ ಹಳಬರು. ಕೆಟ್ಟ ಕಡೆ ಇನ್ನೊಬ್ಬ ಹೊಸಬ, ಇಲ್ಲವೇ ಬಲ ತೋರಿಸುವ ಆಸೆಯ ಇಪ್ಪತ್ತರ ಹುಡುಗ. ಎಸೆಯುವ ಕಲೆಯಾದರೆ ಮೊದಲ ವಾರಗಳಲ್ಲಿ ಬೀಳುವುದನ್ನೇ ಕಲಿಸುತ್ತಿದ್ದಾರಾ? ನನಗೆ ಮೊದಲಿಗೆ ಕಲಿಸಿದ್ದು ಅದೊಂದನ್ನೇ: ಗದ್ದ ಎದೆಗೆ, ಉಸಿರು ಹೊರಗೆ, ಅಂಗೈ ಸೇರಿ ಪೂರ್ತಿ ತೋಳನ್ನು ಮ್ಯಾಟಿಗೆ ಬಡಿಯುವುದು. ಬೇಸರವಾಗುತ್ತಿತ್ತು, ನಿಜ. ಆದರೆ ಬಚ್ಚಲಲ್ಲಿ ಜಾರಿ, ಅಂಗೈ ಊರಿ ಮಣಿಕಟ್ಟು ಮುರಿದುಕೊಂಡ ಅದೆಷ್ಟೋ ಹೆಂಗಸರಿಗೆ ಪ್ಲಾಸ್ಟರ್ ಬಿಚ್ಚಿದ ಮೇಲೆ ವ್ಯಾಯಾಮ ಹೇಳಿಕೊಟ್ಟ ನನಗೆ ಅದರ ಬೆಲೆ ಗೊತ್ತಿತ್ತು. ಬೀದಿ ಜಗಳ ನನಗೆ ಎಂದೂ ಎದುರಾಗದಿರಬಹುದು. ಒದ್ದೆ ನೆಲ ದಿನವೂ ಇದೆ.

ಮ್ಯಾಟನ್ನೂ ಹೆಬ್ಬೆರಳಿಂದ ಒತ್ತಿ ನೋಡಿ. ಕರಾಟೆಗೆ ಹಾಸುವ ಜಿಗ್ಸಾ ಮ್ಯಾಟು ಎರಡು-ಎರಡೂವರೆ ಸೆಂಟಿಮೀಟರ್ ದಪ್ಪ. ಒದೆಯಲು ಸಾಕು, ಎಸೆಯಿಸಿಕೊಳ್ಳಲು ಸಾಲದು. ಜೂಡೊಗೆ ನಾಲ್ಕು ಸೆಂಟಿಮೀಟರಾದರೂ ಬೇಕು. ಮದುವೆ ಹಾಲಿನ ಗ್ರಾನೈಟ್ ಮೇಲೆ ತೆಳು ಮ್ಯಾಟು ಹಾಸಿ ಎಸೆಯುವುದನ್ನು ಕಲಿಸುವವರಿಗೆ ದೊಡ್ಡ ನಮಸ್ಕಾರ.

ನಮ್ಮೂರ ಗರಡಿಗಳಿಗೆ ಈ ವಿವೇಕ ಹಿಂದಿನಿಂದಲೂ ಇತ್ತು. ಆಂಜನೇಯನಿಗೆ ಕೈಮುಗಿದು, ಕೆಮ್ಮಣ್ಣು ಅಗೆದು ಹದ ಮಾಡಿ, ದಂಡ ಬಸ್ಕಿ ಹೊಡೆದ ಮೇಲೆಯೇ ಹೊಸಬನಿಗೆ ಜೋಡಿ. ಮಣ್ಣು ಅಗೆಯುವುದು ಬರಿಯ ಚಾಕರಿಯಲ್ಲ; ಬೀಳುವ ಜಾಗವನ್ನು ಬೀಳುವವನೇ ಮೆತ್ತಗೆ ಮಾಡಿಕೊಳ್ಳುವುದು. ಹೆಂಗಸರನ್ನು ಮಾತ್ರ ಆ ಮಣ್ಣಿನಿಂದ ದೂರ ಇಟ್ಟರು, ಅದರ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ವಿಜಯದಶಮಿಯ ವಜ್ರಮುಷ್ಟಿ ಕಾಳಗವನ್ನು ಟೀವಿಯಲ್ಲಿ ನೋಡಿ ಬೆಳೆದವಳು ಕೊನೆಗೆ ಜಪಾನಿನ ಕುಸ್ತಿ ಕಲಿಯಬೇಕಾಯಿತು.

ಇನ್ನು ‘ಯಾವುದು’ ಎಂಬ ಪ್ರಶ್ನೆ. ನಮ್ಮ ಊರುಗಳಲ್ಲಿ ಸುಲಭವಾಗಿ ಸಿಗುವುದು ಕರಾಟೆ. ಬ್ರೂಸ್ ಲೀ ಚಿತ್ರಗಳು, ಆಮೇಲೆ ಶಂಕರ್‌ನಾಗ್ ಅಭಿಮಾನ ಎರಡೂ ಸೇರಿ ಅದನ್ನು ಮನೆಮಾತು ಮಾಡಿದವು. ‘ಕಾಟಾ’ ಎಂಬ ಒಂಟಿ ಅಭ್ಯಾಸವನ್ನು ಮನೆಯ ಹಜಾರದಲ್ಲೂ ಮಾಡಬಹುದು, ಕೆಲಸಕ್ಕೆ ಹೋಗುವವರಿಗೆ ಇದು ಅನುಕೂಲ. ತೊಂದರೆ ಎಂದರೆ ಹತ್ತು ವರ್ಷದ ಮಕ್ಕಳ ಸಾಲಿನಲ್ಲಿ ನಿಲ್ಲಬೇಕು. ದೊಡ್ಡವರಿಗೆ ಬೇರೆ ಸಮಯ ಇದೆಯೇ ಕೇಳಿ. ಎತ್ತರದ ಒದೆತ ಬಾರದಿದ್ದರೆ ಕೊರಗಬೇಡಿ. ಸೊಂಟದ ಕೀಲಿನ ಮೂಳೆಯ ಆಕಾರವೇ ಕೆಲವರಿಗೆ ಅಡ್ಡ ಬರುತ್ತದೆ, ಬೆನ್ನ ಮೇಲೆ ಕೂತು ಕಾಲು ಅಗಲಿಸಿದರೆ ಮೂಳೆ ಬದಲಾಗುವುದಿಲ್ಲ. ಹಾಗೆ ಅಗಲಿಸುವ ಮಾಸ್ಟರುಗಳು ಈಗಲೂ ಇದ್ದಾರೆ, ನನಗೆ ಕೆಲಸ ಕೊಡುತ್ತಿದ್ದಾರೆ.

ಕಳರಿಪಯಟ್ಟು ಮೈಗೆ ಅದ್ಭುತ, ಆದರೆ ಅವಸರದವರಿಗಲ್ಲ. ಮೊದಲು ಮೈತ್ತಾರಿ ಎಂಬ ಮೈಪಳಗಿಸುವ ಹಂತ, ಆಮೇಲೆ ಕೋಲು, ಆಮೇಲೆ ಲೋಹದ ಆಯುಧ. 2017ರಲ್ಲಿ ಪದ್ಮಶ್ರೀ ಪಡೆದ ವಡಕರದ ಮೀನಾಕ್ಷಿ ಅಮ್ಮ ಎಪ್ಪತ್ತು ದಾಟಿಯೂ ಸೀರೆ ಬಿಗಿದು ಕತ್ತಿ ಹಿಡಿಯುವುದನ್ನು ನೀವೂ ನೋಡಿರುತ್ತೀರಿ. ಅವರು ಶುರುಮಾಡಿದ್ದು ಬಾಲ್ಯದಲ್ಲಿ ಎಂಬುದು ನೆನಪಿರಲಿ. ಬಾಕ್ಸಿಂಗ್ ಮತ್ತು ಮುಯೆ ಥಾಯ್ ದಮ್ಮು ಕಟ್ಟಲು ಒಳ್ಳೆಯವು. ತಲೆಗೆ ಹೊಡೆಯುವ ಸ್ಪಾರಿಂಗ್ ಯಾವಾಗ ಶುರು, ಬೇಡವೆಂದರೆ ಒಪ್ಪುತ್ತೀರಾ ಎಂದು ಮೊದಲೇ ಕೇಳಿ. ಬೆಂಗಳೂರಿನ ಜಿಮ್ಮುಗಳಲ್ಲಿ ಈಗ ಬ್ರೆಜಿಲಿಯನ್ ಜಿಯು ಜಿತ್ಸು ಬಂದಿದೆ. ನೆಲದ ಮೇಲಿನ ಹಿಡಿತಗಳೇ ಹೆಚ್ಚು, ಎತ್ತರದಿಂದ ಬೀಳುವುದು ಕಡಿಮೆ. ನನ್ನ ವಯಸ್ಸಿನವರಿಗೆ ಜೂಡೊಗಿಂತ ಅದೇ ಮೇಲು ಎಂದರೆ ನನ್ನ ಕೋಚ್ ಮುನಿಸಿಕೊಳ್ಳಬಹುದು. ಎದುರಾಳಿ ಕೈತಟ್ಟಿದ ಕ್ಷಣ ಹಿಡಿತ ಬಿಡುತ್ತಾರಾ ಎಂಬುದೊಂದನ್ನು ಅಲ್ಲಿ ಗಮನಿಸಿ. ಹಿಮ್ಮಡಿ ತಿರುಚುವ ಪಟ್ಟನ್ನು ಮೊದಲ ತಿಂಗಳಲ್ಲೇ ಹೇಳಿಕೊಡುವ ಕಡೆ ನಿಲ್ಲಬೇಡಿ. ಅದರಲ್ಲಿ ನೋವು ಗೊತ್ತಾಗುವ ಹೊತ್ತಿಗೆ ಮಂಡಿಯ ಲಿಗಮೆಂಟ್ ಹೋಗಿರುತ್ತದೆ.

ಆತ್ಮರಕ್ಷಣೆಗೆಂದೇ ಬರುವವರಿಗೆ ಒಂದು ಮಾತು. 1882ರಲ್ಲಿ ಟೋಕಿಯೊದ ಒಂದು ದೇವಾಲಯದಲ್ಲಿ ಹನ್ನೆರಡು ಚಾಪೆಗಳಷ್ಟು ಜಾಗದಲ್ಲಿ ಕಾನೊ ಜಿಗೊರೊ ಜೂಡೊ ಶುರುಮಾಡಿದಾಗ ಅವರಿಗೆ ಇಪ್ಪತ್ತೊಂದು ವರ್ಷ. ಹಳೆಯ ಜುಜುತ್ಸುವಿನ ಅಪಾಯದ ಪಟ್ಟುಗಳನ್ನು ಅವರು ಮುಕ್ತ ಸೆಣಸಾಟದ ಅಭ್ಯಾಸದಿಂದ ತೆಗೆದರು. ಅದರಿಂದ ಕಲೆ ಸಪ್ಪೆಯಾಗಲಿಲ್ಲ. ಉಳಿದ ಪಟ್ಟುಗಳನ್ನು ದಿನವೂ, ಬಗ್ಗದ ಎದುರಾಳಿಯ ಮೇಲೆ, ಪೂರ್ತಿ ಬಲ ಹಾಕಿ ಆಡಬಹುದಾಯಿತು. ‘ನಮ್ಮದು ರಿಂಗಿಗೆ ತರಲಾಗದಷ್ಟು ಮಾರಕ’ ಎಂದು ಜಂಬ ಕೊಚ್ಚುವ, ಸುಮ್ಮನೆ ಕೈಚಾಚಿ ನಿಂತವನ ಮಣಿಕಟ್ಟು ತಿರುಚಿ ತೋರಿಸುವ ಕ್ಲಾಸುಗಳಲ್ಲಿ ಈ ಎದುರು ಬಲವೇ ಇರುವುದಿಲ್ಲ. ಕಣ್ಣಿಗೆ ಚುಚ್ಚಿ, ಓಡಿ ಎನ್ನುವ ಒಂದು ದಿನದ ಶಿಬಿರವೂ ಅಷ್ಟೇ. ಎದುರು ನಿಂತವರು ನಿಜವಾಗಿ ಕೊಸರಾಡುವುದನ್ನು ವಾರದಲ್ಲಿ ಒಮ್ಮೆಯಾದರೂ ಮೈ ಅನುಭವಿಸಬೇಕು.

ದುಡ್ಡಿನ ವಿಷಯ ನಾಚಿಕೆ ಬಿಟ್ಟು ಕೇಳಿ. ತಿಂಗಳ ಫೀಸು ಕಡಿಮೆ ಹೇಳಿ, ಬೆಲ್ಟ್ ಪರೀಕ್ಷೆ, ಯೂನಿಫಾರ್ಮು, ಸರ್ಟಿಫಿಕೇಟು, ಟೂರ್ನಮೆಂಟು ಎಂದು ವರ್ಷವಿಡೀ ಕೀಳುವವರಿದ್ದಾರೆ. ಬಣ್ಣದ ಬೆಲ್ಟುಗಳು ಹರಡಿದ್ದೇ ಯುರೋಪಿನಲ್ಲಿ. 1930ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಕಲಿಸುತ್ತಿದ್ದ ಕವೈಶಿ ಮಿಕಿನೊಸುಕೆ ಅವನ್ನು ಜನಪ್ರಿಯ ಮಾಡಿದರು. ಬೆಲ್ಟು ಉತ್ಸಾಹಕ್ಕೆ ಒಳ್ಳೆಯದೇ. ಎರಡು ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ ಎಂದರೆ ಮಾತ್ರ ಎದ್ದು ಬನ್ನಿ.

ಹೆಂಗಸರಿಗೆ ಇನ್ನೊಂದು: ಕ್ಲಾಸಿನಲ್ಲಿ ನಿಮ್ಮಂಥವರು ಇನ್ನಾರಿದ್ದಾರೆ, ಅವರು ಎಷ್ಟು ಕಾಲದಿಂದ ಬರುತ್ತಿದ್ದಾರೆ ಎಂದು ವಿಚಾರಿಸಿ. ಈ ಕಲೆಗಳಲ್ಲಿ ಮೈ ಮುಟ್ಟದೆ ಆಗುವುದಿಲ್ಲ. ಮುಟ್ಟುವ ಮೊದಲು ಹೇಳುವ, ಬೇಡವೆಂದರೆ ಕಾರಣ ಕೇಳದೆ ಜೋಡಿ ಬದಲಿಸುವ ಕೋಚ್ ನಿಮಗೆ ಬೇಕು.

ಸೇರಿದ ಮೇಲೆ ಮೊದಲ ಮೂರು ತಿಂಗಳು ವಾರಕ್ಕೆ ಎರಡೇ ದಿನ ಹೋಗಿ. ಮಾಂಸಖಂಡ ಬೇಗ ಬಲಿಯುತ್ತದೆ, ಅದನ್ನು ಮೂಳೆಗೆ ಬಿಗಿಯುವ ಟೆಂಡನ್‌ಗೆ ತಿಂಗಳುಗಳೇ ಬೇಕು. ಮೂರನೇ ವಾರಕ್ಕೆ ಮೈಯಲ್ಲಿ ಹುರುಪು ಬರುತ್ತದೆ, ಹಿಮ್ಮಡಿಯ ಟೆಂಡನ್ ಮಾತ್ರ ಇನ್ನೂ ಆಫೀಸು ಕುರ್ಚಿಯ ಕಾಲದ್ದೇ. ಬೀಪಿ ಮಾತ್ರೆ ತೆಗೆದುಕೊಳ್ಳುವವರು, ಬೆನ್ನಿನ ಡಿಸ್ಕ್ ಸರಿದವರು ವೈದ್ಯರನ್ನು ಕೇಳಿ, ಕೋಚ್‌ಗೂ ಮುಚ್ಚಿಡದೆ ಹೇಳಿ. ಹೇಳಿದ್ದನ್ನು ಆ ಕೋಚ್ ಮುಂದಿನ ಕ್ಲಾಸಿಗೆ ನೆನಪಿಟ್ಟುಕೊಂಡು, “ನಿಮ್ಮ ಬೆನ್ನಿಗೆ ಇದು ಬೇಡ, ಆ ಕಡೆ ಬನ್ನಿ” ಎಂದರೆ ಮೂರು ತಿಂಗಳ ಫೀಸು ಒಟ್ಟಿಗೆ ಕಟ್ಟಬಹುದು.