ಕಾರಿಗೂ ಹತ್ತುತ್ತೆ ಥಂಡಿ!

ಮಳೆಗಾಲ ಶುರುವಾದರೆ ಸಾಕು, ಬೀರುವಿನ ರೇಷ್ಮೆ ಸೀರೆ, ಹಪ್ಪಳ-ಸಂಡಿಗೆ ಡಬ್ಬ, ಚಪ್ಪಲಿ ಸ್ಟ್ಯಾಂಡು ಎಲ್ಲದರ ಮೇಲೂ ನಿಮ್ಮ ಕಣ್ಣಿರುತ್ತದೆ. ಎಲ್ಲಿ ಬೂಷ್ಟು ಬಂತೋ, ಎಲ್ಲಿ ಮುಗ್ಗಲು ವಾಸನೆ ಹತ್ತಿತೋ ಅಂತ ಆಗಾಗ ಮೂಸಿ ನೋಡುತ್ತೀರಿ. ಆದರೆ ಮನೆ ಮುಂದೆ ನಿಂತಿರುವ ಕಾರು? ಅದು ‘ಅವರ ಡಿಪಾರ್ಟ್‌ಮೆಂಟು’ ಅಂತ ಬಿಟ್ಟುಬಿಟ್ಟಿರುತ್ತೀರಿ. ಅವರೋ, ಹೊರಗಡೆ ಪಳಪಳ ಹೊಳೆದರೆ ಸಾಕು ಅನ್ನೋರು. ಒಳಗೆ ಏನೋ ವಾಸನೆ ಬರ್ತಿದೆ ಕಣ್ರೀ ಅಂದರೆ ಡ್ಯಾಶ್‌ಬೋರ್ಡ್ ಮೇಲೆ ಇನ್ನೊಂದು ಸೆಂಟಿನ ಬಾಟಲಿ ತಂದು ಕೂರಿಸುತ್ತಾರೆ, ಅಷ್ಟೇ.

ಇದು ಬರೀ ವಾಸನೆಯ ಮಾತಾಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಸ್ಕೂಲಿಗೆ ಹೊರಟ ಮಗು ಕಾರು ಹತ್ತಿದ ಕೂಡಲೇ ಸೀನಲು ಶುರು ಮಾಡಿ, ಇಳಿದ ಮೇಲೆ ಸುಮ್ಮನಾಗುತ್ತದೆಯೇ? ಗಮನಿಸಿ. ಬೂಷ್ಟಿನ ಕಣಗಳು ಅಲರ್ಜಿ, ಅಸ್ತಮಾ ಇರುವವರಿಗೆ ಚೆನ್ನಾಗಿಯೇ ಕಾಟ ಕೊಡುತ್ತವೆ. ಗಾಜು ಏರಿಸಿ ಎ.ಸಿ. ಹಾಕಿದ ಕಾರೆಂದರೆ ಒಂದು ಪುಟ್ಟ ಕೋಣೆ ಇದ್ದ ಹಾಗೆ. ಅಲ್ಲಿ ಸೆಂಟು ಹೊಡೆಯುವುದೆಂದರೆ ಕೊಳೆತ ಈರುಳ್ಳಿಯ ಬುಟ್ಟಿಯ ಪಕ್ಕ ಊದಿನಕಡ್ಡಿ ಹಚ್ಚಿಟ್ಟಂತೆ. ಮೊದಲು ಈರುಳ್ಳಿ ಹುಡುಕಬೇಕಲ್ಲವೇ?

ನೀರು ಬರೋ ದಾರಿ ಯಾವುದು?

ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ನೀವೇ ಪತ್ತೇದಾರಿಕೆ ಮಾಡಿ. ಮೆಕ್ಯಾನಿಕ್ ಆಗಬೇಕಿಲ್ಲ. ಕಾರಿನ ಎಲ್ಲ ಮ್ಯಾಟುಗಳನ್ನೂ ತೆಗೆದು ಹೊರಗೆ ಹಾಕಿ. ಕೆಳಗಿರುವ ಕಾರ್ಪೆಟ್ ಮೇಲೆ ಹಳೆಯ ಕಾಟನ್ ಟವೆಲ್ ಇಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿ. ಮೇಲೆ ಒಣಗಿದಂತೆ ಕಂಡರೂ ಅಡಿಯ ಸ್ಪಾಂಜು ನೀರು ಕುಡಿದುಕೊಂಡು ವಾರಗಟ್ಟಲೆ ಹಾಗೇ ಇರುತ್ತದೆ. ಟವೆಲ್ ಎಲ್ಲಿ ಒದ್ದೆಯಾಯಿತು ಅನ್ನುವುದೇ ಸುಳಿವು.

ಮುಂದಿನ ಎಡಗಡೆ, ಅಂದರೆ ಸಾಮಾನ್ಯವಾಗಿ ನೀವು ಕೂರುವ ಕಡೆ ಒದ್ದೆಯಿದ್ದರೆ ಮೊದಲ ಅನುಮಾನ ಎ.ಸಿ. ಮೇಲೆ. ಎ.ಸಿ. ಹಾಕಿದಾಗ ಕಾರಿನ ಕೆಳಗೆ ನೀರು ತೊಟ್ಟಿಕ್ಕುವುದನ್ನು ನೋಡಿರುತ್ತೀರಿ. ಆ ಪೈಪಿಗೆ ಕಸ ಕಟ್ಟಿಕೊಂಡರೆ ನೀರು ಹೊರಗೆ ಹೋಗುವ ಬದಲು ನಿಮ್ಮ ಕಾಲಬುಡಕ್ಕೆ ಬರುತ್ತದೆ. ಆ ನೀರು ಬೆರಳಿಗೆ ಅಂಟಂಟಾಗಿದ್ದು ಸಿಹಿ ವಾಸನೆ ಬಂದರೆ ಅದು ನೀರಲ್ಲ, ಎಂಜಿನ್ ತಂಪು ಮಾಡುವ ಕೂಲೆಂಟ್. ಅದು ವಿಷ, ಮಕ್ಕಳನ್ನು ದೂರವಿಡಿ, ಕಾರನ್ನು ಸೀದಾ ಗ್ಯಾರೇಜಿಗೆ ಕಳಿಸಿ.

ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಇರುವ ಜಾಗದ ಕೆಳಗೆ ತೊಟ್ಟಿಯಂಥದ್ದೊಂದಿರುತ್ತದೆ. ಅಲ್ಲಿ ಎಲೆ ತುಂಬಿದರೂ ನೀರು ಒಳಗೆ ಇಳಿಯಬಹುದು. ಬಾಗಿಲು ತೆಗೆದು ಹಾಕುವಾಗ ಒಳಗೆ ನೀರು ಕುಲುಕಿದ ಸದ್ದು ಬರುತ್ತದೆಯೇ? ಬಾಗಿಲಿನ ತಳದಲ್ಲಿರುವ ಸಣ್ಣ ತೂತುಗಳಿಗೆ ಮಣ್ಣು ಮೆತ್ತಿಕೊಂಡಿದೆ ಅಂತ ಅರ್ಥ. ಹಳೆಯ ಟೂತ್‌ಬ್ರಶ್ ಸಾಕು.

ಇನ್ನು ಸನ್‌ರೂಫ್. ಮಕ್ಕಳು ಹಟ ಹಿಡಿದರು ಅಂತ ಸನ್‌ರೂಫ್ ಇರುವ ಕಾರೇ ತಗೊಂಡಿದ್ದೀರಾ? ಅದರ ಗುಟ್ಟೊಂದನ್ನು ಶೋರೂಮಿನವರು ಹೇಳಿರುವುದಿಲ್ಲ. ಸನ್‌ರೂಫಿನ ಸುತ್ತಲಿನ ರಬ್ಬರು ನೀರನ್ನು ಪೂರ್ತಿ ತಡೆಯುವುದಿಲ್ಲ, ತಡೆಯಬೇಕೆಂದೂ ಇಲ್ಲ. ಒಳಗೆ ಇಳಿದ ನೀರನ್ನು ಹಿಡಿಯಲು ಸುತ್ತಲೂ ಒಂದು ಕಾಲುವೆ ಇರುತ್ತದೆ. ಅದರ ಮೂಲೆಗಳಿಂದ ಸಣ್ಣ ಪೈಪುಗಳು ಕಂಬಗಳೊಳಗೆ ಹಾದು ನೀರನ್ನು ಕೆಳಗೆ ಬಿಡುತ್ತವೆ, ಥೇಟ್ ತಾರಸಿಯ ನೀರಿನ ಪೈಪಿನಂತೆ. ಗುಲ್‌ಮೊಹರ್, ಮಳೆಮರದ ಕೆಳಗೆ ಕಾರು ನಿಲ್ಲಿಸುವ ಬೆಂಗಳೂರಿನವರು ಹುಷಾರು, ಅವುಗಳ ಚಿಕ್ಕ ಎಲೆಗಳು ಈ ಪೈಪಿನ ಬಾಯಿಗೆ ಸರಿಯಾಗಿ ಕೂರುತ್ತವೆ. ಆಗ ನೀರು ಛಾವಣಿಯ ಬಟ್ಟೆಗೆ, ಅಲ್ಲಿಂದ ಸೀಟಿಗೆ. ಸನ್‌ರೂಫ್ ತೆಗೆದು ಕಾಲುವೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮೂಲೆಗೆ ಅರ್ಧ ಲೋಟ ನೀರು ನಿಧಾನವಾಗಿ ಬಿಡಿ. ಚಕ್ರದ ಹತ್ತಿರ ಕೆಳಗೆ ತೊಟ್ಟಿಕ್ಕಿದರೆ ಸರಿಯಾಗಿದೆ. ನೀರು ನಿಂತೇ ಬಿಟ್ಟರೆ ತಂತಿ ಹಾಕಿ ತಿವಿಯಲು ಹೋಗಬೇಡಿ. ಒಳಗೆ ಪೈಪು ಕಳಚಿಕೊಂಡರೆ ಇಡೀ ಛಾವಣಿಯ ಬಟ್ಟೆ ಬಿಚ್ಚಬೇಕಾಗುತ್ತದೆ.

ಬಟ್ಟೆಯ ಟಾಪಿರುವ ಜೀಪಿನಂಥ ಗಾಡಿಗಳೂ ನಮ್ಮಲ್ಲಿವೆ. 2020ರ ಥಾರ್‌ನಲ್ಲಿ ಮಡಚುವ ಟಾಪಿನ ಮಾದರಿಯೂ ಬಂದಿತ್ತು. ಅದಕ್ಕೆ ಒಂದೇ ನಿಯಮ: ಒದ್ದೆ ಕೊಡೆಯನ್ನು ಮಡಚಿ ಬೀರುವಿನಲ್ಲಿ ಇಡುತ್ತೀರಾ? ಹಾಗೇ ಒದ್ದೆ ಟಾಪನ್ನೂ ಮಡಚಿ ಇಡಬಾರದು.

ಒಣಗಿಸೋದು ಹೇಗೆ?

ನೆನೆದ ಕಾರ್ಪೆಟ್ಟಿನಲ್ಲಿ ಬೂಷ್ಟು ಏಳಲು ಒಂದೆರಡು ದಿನ ಸಾಕು. ಆದ್ದರಿಂದ ಭಾನುವಾರ ನೋಡಿಕೊಂಡರಾಯಿತು ಅನ್ನಬೇಡಿ. ಕಾರ್ಪೆಟ್ ಮೇಲೆ ಹಳೆಯ ಪೇಪರ್ ಹರಡಿ ತುಳಿದು, ಒದ್ದೆಯಾದ ಹಾಗೆ ಬದಲಾಯಿಸಿ. ಆದರೆ ತೆಳು ಬಣ್ಣದ ಸೀಟಿನ ಮೇಲೆ ಪೇಪರ್ ಬೇಡ, ಮಸಿ ಹತ್ತುತ್ತದೆ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಕಡೆಯವರು ಬಿಸಿಲು ಬಂದ ಒಂದು ಗಂಟೆ ಬಾಗಿಲು ತೆಗೆದಿಟ್ಟರೆ ಅರ್ಧ ಕೆಲಸ ಮುಗಿಯುತ್ತದೆ. ಮಂಗಳೂರು, ಉಡುಪಿ, ಮಲೆನಾಡಿನವರಿಗೆ ಈ ಉಪಾಯ ತಿರುಗುಬಾಣ. ಜುಲೈನಲ್ಲಿ ಅಲ್ಲಿನ ಗಾಳಿಯ ತೇವಾಂಶವೇ ಶೇ 90ರ ಆಸುಪಾಸು, ಶೇ 70 ದಾಟಿದರೆ ಬೂಷ್ಟಿಗೆ ಹಬ್ಬ! ಬಾಗಿಲು ತೆಗೆದಿಟ್ಟರೆ ಇನ್ನಷ್ಟು ಥಂಡಿಯನ್ನು ಒಳಗೆ ಕರೆದಂತೆ. ನೀವು ಗಾಜು ಮುಚ್ಚಿ ಎ.ಸಿ. ಹಾಕಿಕೊಂಡು ಅರ್ಧ ಗಂಟೆ ಸುತ್ತಾಡಿ ಬರುವುದೇ ವಾಸಿ. ಎ.ಸಿ. ಗಾಳಿಯಲ್ಲಿನ ತೇವವನ್ನೂ ಹಿಂಡಿ ತೆಗೆಯುತ್ತದೆ. ಮನೆ ತಲುಪುವ ಐದು ನಿಮಿಷ ಮೊದಲು ಎ.ಸಿ. ಬಂದ್ ಮಾಡಿ ಫ್ಯಾನ್ ಮಾತ್ರ ಓಡಲಿ, ಒಳಗಿನ ಕಾಯಿಲ್ ಒಣಗಿ ಮಾರನೇ ದಿನದ ಹುಳಿ ವಾಸನೆ ತಪ್ಪುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಮಾತ್ರ ಎಂಜಿನ್ ಚಾಲೂ ಇಟ್ಟು ಒಣಗಿಸಲು ಹೋಗಬೇಡಿ. ವಿಷದ ಹೊಗೆ ತುಂಬಿ ಜೀವಕ್ಕೇ ಅಪಾಯ.

ಅಂಗಡಿಯಲ್ಲಿ ಸಿಗುವ, ನೀರು ಹೀರಿ ಡಬ್ಬಿಯಲ್ಲಿ ತುಂಬಿಸುವ ಡ್ಯಾಂಪ್ ಬಾಕ್ಸ್‌ಗಳು ಬೀರುವಿಗೆ ಸರಿ, ಕಾರಿಗೆ ಬೇಡ. ಅದರಲ್ಲಿರುವುದು ಕ್ಯಾಲ್ಸಿಯಂ ಕ್ಲೋರೈಡ್. ಒಂದು ಹಂಪ್ ಹಾರಿದಾಗ ಆ ಉಪ್ಪುನೀರು ಚೆಲ್ಲಿದರೆ ಲೆದರ್ರೂ ಹಾಳು, ಕಬ್ಬಿಣಕ್ಕೂ ತುಕ್ಕು. ಸಿಲಿಕಾ ಜೆಲ್ ಚೀಲಗಳು ವಾಸಿ, ಆಗಾಗ ಒಣಗಿಸಿ ಮತ್ತೆ ಬಳಸಬಹುದು. ನೀಲಿ ಬಣ್ಣದವುಗಳಲ್ಲಿ ಸಾಮಾನ್ಯವಾಗಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಅದು ಬೇಡ. ನುಸಿಗುಳಿಗೆಯಂತೂ ಕಾರಿನೊಳಗೆ ಬೇಡವೇ ಬೇಡ. ಆ ಆವಿಯನ್ನು ಮುಚ್ಚಿದ ಜಾಗದಲ್ಲಿ ಉಸಿರಾಡುವುದು ಒಳ್ಳೆಯದಲ್ಲ, ಎಳೆ ಮಕ್ಕಳಿಗಂತೂ ಅಪಾಯ.

ಕೊಬ್ಬರಿ ಎಣ್ಣೆ ಹಚ್ಚಬೇಡಿ

ಸೀಟಿಗೆ ಬರೋಣ. ‘ಲೆದರ್ ಸೀಟು’ ಅಂತ ಹೇಳಿ ಕೊಟ್ಟಿದ್ದರೂ ನಮ್ಮಲ್ಲಿನ ಬಹಳಷ್ಟು ಕಾರುಗಳಲ್ಲಿ ಇರುವುದು ಲೆದರೆಟ್, ಅಂದರೆ ನಮ್ಮ ರೆಕ್ಸಿನ್‌ನ ಅಣ್ಣ. ನಿಮ್ಮದು ಯಾವುದು ಅಂತ ಕಾರಿನ ಪುಸ್ತಕದಲ್ಲಿ ನೋಡಿಕೊಳ್ಳಿ. ಪಾಲಿಯುರೆಥೇನ್ ಬಗೆಯ ಲೆದರೆಟ್ ತೇವದಲ್ಲೇ ನಿಧಾನವಾಗಿ ಒಡೆದು ಹಪ್ಪಳದಂತೆ ಸಿಪ್ಪೆ ಏಳುತ್ತದೆ. ಅದಕ್ಕೆ ಯಾವ ಕ್ರೀಮೂ ಔಷಧಿಯಲ್ಲ, ಒಣಗಿಸಿಡುವುದೊಂದೇ ದಾರಿ.

ನಿಜವಾದ ಚರ್ಮವಾದರೆ ಬೂಷ್ಟಿಗೆ ಅಲ್ಲಿ ಊಟ ಸಿದ್ಧವಾಗಿರುತ್ತದೆ: ನಮ್ಮ ಬೆವರು, ತಲೆಯ ಎಣ್ಣೆ, ಮಕ್ಕಳು ಚೆಲ್ಲಿದ ಹಾಲು. ಇದರ ಮೇಲೆ ‘ಹೊಳಪು ಬರಲಿ’ ಅಂತ ಕೊಬ್ಬರಿ ಎಣ್ಣೆಯನ್ನೂ ಸವರಿದರೆ ಊಟದ ಜೊತೆ ತುಪ್ಪ ಬಡಿಸಿದಂತೆ! ಎಣ್ಣೆಗೆ ಧೂಳೂ ಅಂಟುತ್ತದೆ, ಸೀರೆಗೂ ಕಲೆ. ಬೂಟ್ ಪಾಲಿಶ್ ಕೂಡ ಹೀಗೇ, ಬಣ್ಣ ಬಟ್ಟೆಗೆ ಹತ್ತುತ್ತದೆ. ಬೂಷ್ಟು ಕಂಡರೆ ಕಾರನ್ನು ಬಯಲಿಗೆ ತಂದು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಬಿಸಾಡಿ. ಆಮೇಲೆ ಸೌಮ್ಯವಾದ ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ, ಕೂಡಲೇ ಒಣ ಬಟ್ಟೆ ಆಡಿಸಿ. ಸೀಟಿನಲ್ಲಿ ಸಣ್ಣ ತೂತುಗಳಿದ್ದರೆ ನೀರು ಇನ್ನೂ ಕಡಿಮೆ. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ. ಬ್ಲೀಚು ಬೇಡ, ಹೇರ್ ಡ್ರೈಯರ್ ಬೇಡ, ಉರಿಬಿಸಿಲೂ ಬೇಡ. ಬೇಗ ಒಣಗಿದ ಚರ್ಮ ಬಿರಿಯುತ್ತದೆ. ಕಾರಿನ ಲೆದರ್‌ಗೆಂದೇ ಮಾಡಿದ ಕಂಡೀಷನರ್ ಪೂರ್ತಿ ಒಣಗಿದ ಮೇಲೆ, ಅದೂ ತೆಳುವಾಗಿ.

ಇಷ್ಟಾದ ಮೇಲೂ ಎ.ಸಿ. ಹಾಕಿದ ಕೂಡಲೇ ವಾಸನೆ ಬಂದರೆ ಕ್ಯಾಬಿನ್ ಫಿಲ್ಟರ್ ಬದಲಾಯಿಸಲು ಹೇಳಿ, ಬಹಳಷ್ಟು ಕಾರುಗಳಲ್ಲಿ ಅದು ಮುಂದಿನ ಸಾಮಾನಿನ ಪೆಟ್ಟಿಗೆಯ ಹಿಂದಿರುತ್ತದೆ. ಕಾರ್ಪೆಟ್ ಅಡಿಯಲ್ಲಿ ನೀರು ನಿಂತಿದ್ದರೆ ಸೀಟು ಬಿಚ್ಚಿಯೇ ಒಣಗಿಸಲಿ. ವೈರುಗಳು ಹಾದುಹೋಗುವುದೂ ಅಲ್ಲೇ. ‘ಮೇಲಿಂದ ಶಾಂಪೂ ಮಾಡಿ ಕೊಡ್ತೀವಿ ಮೇಡಂ’ ಅಂದರೆ ಒಪ್ಪಬೇಡಿ, ಅದು ಇನ್ನಷ್ಟು ನೀರು ಕುಡಿಸುವ ಕೆಲಸ.

ಶ್ರಾವಣದಲ್ಲಿ ಎರಡು ವಾರ ತವರಿಗೆ ಹೊರಟಿದ್ದೀರಾ? ಕಾರಿನಿಂದ ಒದ್ದೆ ಕೊಡೆ, ಟವೆಲ್, ಸೀಟಿನ ಕೆಳಗೆ ಉಳಿದ ಬಿಸ್ಕತ್ತಿನ ಚೂರು ಎಲ್ಲ ತೆಗೆಯಿರಿ. ಪ್ಲಾಸ್ಟಿಕ್ ಟಾರ್ಪಾಲು ಬಿಗಿಯಾಗಿ ಹೊದಿಸಬೇಡಿ, ಗಾಳಿಯಾಡುವ ಕವರ್ ಹಾಕಿ. ನಂಬಿಕಸ್ಥ ನೆರೆಯವರಿದ್ದರೆ ಕೀಲಿ ಕೊಟ್ಟು ವಾರಕ್ಕೊಮ್ಮೆ ಎ.ಸಿ. ಹಾಕಿ ಒಂದು ಸುತ್ತು ಓಡಿಸಲು ಹೇಳಿ ಹೋಗಿ.